ಸೈಕಲ್ಲು ಜಗಲಿಗೆ ಒರಗಿದ ಮೇಲೆ

ದೀರ್ಘ ಪ್ರಯಾಣದ ಕಷ್ಟಗಳನ್ನು ಕುರಿತು ಹೇಳುವವರು ಏರುದಾರಿ, ಬಿಸಿಲು, ಎದುರುಗಾಳಿ, ಪಂಕ್ಚರುಗಳನ್ನು ಹೆಸರಿಸುತ್ತಾರೆ. ಮನೆಗೆ ಮರಳಿದ ಮೇಲಿನ ಕಷ್ಟವನ್ನು ಹೇಳುವವರು ವಿರಳ. ವಾರಗಟ್ಟಲೆ ಸೈಕಲ್ ತುಳಿದು ಬಂದವರಿಗೆ ಮೊದಲೆರಡು ದಿನ ನಿದ್ದೆಯೇ ನಿದ್ದೆ. ಆಮೇಲೆ ಕಾಲುಗಳಿಗೆ ಕೆಲಸವಿಲ್ಲದ ಚಡಪಡಿಕೆ. ದುಡಿಮೆ ತಗ್ಗಿದರೂ ಹಸಿವು ತಗ್ಗುವುದಿಲ್ಲ. ದಿನಕ್ಕೊಂದು ಊರು ಕಂಡ ಕಣ್ಣಿಗೆ ಅದೇ ಅಂಗಳ, ಅದೇ ಅಡಿಕೆ ತೋಟ, ಅದೇ ಬಸ್ಸಿನ ವೇಳೆ ಸಪ್ಪೆಯೆನಿಸುತ್ತವೆ. ಮನೆಯಲ್ಲಿ ಕೆಲಸ ಬಾಕಿ ಬಿದ್ದಿರುತ್ತದೆ; ಕಥೆ ಕೇಳುವ ವ್ಯವಧಾನ ನಾಲ್ಕು ದಿನ ಉಳಿದರೆ ಹೆಚ್ಚು. ಕಡೆಗೆ ಸೈಕಲ್ಲು ಮೂಲೆ ಸೇರುತ್ತದೆ. ಕಂಡುಬಂದದ್ದೂ ಅದರೊಡನೆ ಧೂಳು ಹಿಡಿಯುತ್ತದೆ.

ಹಾಗೆ ಧೂಳು ಹಿಡಿಯಬಾರದ ನೋಟಗಳು ಯಾವುವೆಂಬುದಕ್ಕೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ದಾರಿಯೇ ನಿದರ್ಶನ. ಮಲೆನಾಡಿನಿಂದ ತುಂಗಭದ್ರೆಯ ಹರಿವನ್ನು ಅನುಸರಿಸಿ ಮೂಡಣಕ್ಕೆ ಹೊರಟ ಸವಾರರು ರಾಯಚೂರು ಜಿಲ್ಲೆಯ ಈ ಮೂರು ಊರುಗಳನ್ನು ಒಂದೇ ದಿನದಲ್ಲಿ ದಾಟಬಲ್ಲರು. ಬಸ್ಸಿನಲ್ಲಿ ತೂಕಡಿಕೆಯಲ್ಲೇ ಕಳೆದುಹೋಗುವ ಆ ದಾರಿ ಸೈಕಲ್ಲಿನ ವೇಗಕ್ಕೆ ತನ್ನನ್ನು ತೆರೆದುಕೊಳ್ಳುತ್ತದೆ.

ಸಿಂಧನೂರಿನ ಸುತ್ತ ಕಣ್ಣು ಹಾಯುವಷ್ಟು ದೂರ ಭತ್ತ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ರೂಪಿಸಿದಾಗ ಬಹುಪಾಲು ಭೂಮಿಗೆ ಸೂಚಿಸಿದ್ದುದು ಕಡಿಮೆ ನೀರು ಬೇಡುವ ಬೆಳೆಗಳನ್ನು. ಭತ್ತ ವ್ಯಾಪಿಸಿದಂತೆ ಎರೆಮಣ್ಣಿನಲ್ಲಿ ನೀರು ನಿಂತು ಸವುಳು ಜವುಳು ಹೆಚ್ಚಿತು. ಕಾಲುವೆಯ ಕೊನೆಭಾಗದ ರೈತರು ನೀರಿಗಾಗಿ ಕಾಯುವಂತಾಯಿತು. ಮಸ್ಕಿಯತ್ತ ಸಾಗಿದರೆ ಮಳೆಯನ್ನೇ ನಂಬಿದ ತೊಗರಿ, ಸಜ್ಜೆಯ ಹೊಲಗಳು ಎದುರಾಗುತ್ತವೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಈ ಭಾಗದ ರೈತರು 2020ರಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. ಹಟ್ಟಿಯ ಚಿನ್ನದ ಗಣಿಯಿರುವ ಲಿಂಗಸುಗೂರು ತಾಲ್ಲೂಕಿನಲ್ಲಿಯೂ ಎಲ್ಲರ ಮಾತು ಕೊನೆಗೆ ಬಂದು ನಿಲ್ಲುವುದು ನೀರಿನಲ್ಲಿ.

ಆ ನೀರು ಹುಟ್ಟುವುದು ಸಹ್ಯಾದ್ರಿಯಲ್ಲಿ. ಕೃಷ್ಣೆ ಮಹಾಬಲೇಶ್ವರದಿಂದ ಬಂದರೆ, ತುಂಗೆ ಭದ್ರೆಯರು ಗಂಗಾಮೂಲದಿಂದ ಇಳಿಯುತ್ತಾರೆ. 1953ರಲ್ಲಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ ಇತ್ತು. ಹೂಳು ತುಂಬಿ ಅದೀಗ ಸುಮಾರು 105ಕ್ಕೆ ಇಳಿದಿದೆ. ಆ ಹೂಳಿನಲ್ಲಿ ಗಣಿಗಳ ಪಾಲಿದೆ, ಬಯಲಿನ ಹೊಲಗಳ ಪಾಲಿದೆ, ಮಲೆನಾಡಿನ ಬೋಳು ಗುಡ್ಡಗಳ ಪಾಲೂ ಇದೆ. ಮಳೆಗಾಲದಲ್ಲಿ ಊರಿನ ಹಳ್ಳ ಕೆಂಪಾಗಿ ಹರಿಯುವುದಕ್ಕೂ ಕಾಲುವೆಯ ಕೊನೆಯಲ್ಲಿ ಭತ್ತ ಒಣಗುವುದಕ್ಕೂ ಇರುವ ನಂಟನ್ನು ಪುಸ್ತಕದಲ್ಲಿ ಓದಿದವರು ಬಹಳ ಮಂದಿ. ಎರಡೂ ತುದಿಗಳನ್ನು ಕಂಡವರು ಕೆಲವೇ ಮಂದಿ. ಮರಳಿ ಬಂದ ಸವಾರರು ಅಂಥವರು.

ಮಸ್ಕಿಯ ಬಂಡೆಶಾಸನವನ್ನು 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡನು. ದೇವಾನಾಂಪ್ರಿಯನೆಂಬ ರಾಜನು ಅಶೋಕನೇ ಎಂಬುದು ಸ್ಥಿರಪಟ್ಟದ್ದು ಅದರಿಂದಲೇ. ಧರ್ಮದಲ್ಲಿ ನಿಷ್ಠೆಯಿಟ್ಟರೆ ದೊಡ್ಡವರಂತೆ ಸಾಮಾನ್ಯರೂ ಗುರಿ ಮುಟ್ಟಬಲ್ಲರೆಂಬುದು ಅದರ ಸಾರ. ಇದೇ ಶಾಸನದ ಬ್ರಹ್ಮಗಿರಿ ಪ್ರತಿಯಲ್ಲಿ 256 ಎಂಬ ಸಂಖ್ಯೆಯಿದೆ. ಅದು ರಾಜನು ಸಂಚಾರದಲ್ಲಿ ಕಳೆದ ರಾತ್ರಿಗಳ ಎಣಿಕೆಯೆಂದು ಹಲವು ವಿದ್ವಾಂಸರು ಅರ್ಥೈಸಿದ್ದಾರೆ. ಸಂಚಾರ ಮುಗಿದರೂ ಅದರಿಂದ ಹುಟ್ಟಿದ ಮಾತು ಉಳಿಯಬೇಕೆಂಬ ಕಾಳಜಿ ಅಷ್ಟು ಹಳೆಯದು.

ಬಂಡೆಯ ಮೇಲೆ ಬರೆಸುವ ಶಕ್ತಿ ನಮ್ಮ ಹಳ್ಳಿಯ ಮಕ್ಕಳಿಗಿಲ್ಲ. ದಿನಚರಿಯಲ್ಲಿ ಬರೆಯುವ ಶಕ್ತಿಯಿದೆ. ಚಡಪಡಿಸುವ ಕಾಲುಗಳಿಗೆ ಮೊದಲ ವಾರದಲ್ಲೇ ಕೆಲಸ ಕೊಡಬೇಕು. ಡೇರಿಗೆ, ಸೊಸೈಟಿಗೆ, ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗಬಹುದು. ಮಳೆಮಾಪಕವೊಂದನ್ನು ನೆಟ್ಟು ಪ್ರತಿದಿನ ಬೆಳಿಗ್ಗೆ ಮಳೆಯ ಲೆಕ್ಕ ಬರೆಯಬಹುದು. ಹಳ್ಳದ ನೀರು ಯಾವ ದಿನ ಕೆಂಪಾಯಿತು, ಯಾವ ಗುಡ್ಡದ ಮಣ್ಣು ಇಳಿಯಿತು ಎಂದು ನೋಡಿ ಬರಬಹುದು. ಸೊಪ್ಪಿನ ಬೆಟ್ಟದ ದರಕನ್ನು ಪೂರ್ತಿ ಗುಡಿಸದೆ ಒಂದಿಷ್ಟು ನೆಲಕ್ಕೇ ಬಿಡಲು, ಇಳಿಜಾರಿಗೆ ಅಡ್ಡಲಾಗಿ ಬದು ಕಟ್ಟಲು ಮನೆಯವರನ್ನು ಒಪ್ಪಿಸಬಹುದು. ಇವೆಲ್ಲ ಸಣ್ಣ ಕೆಲಸಗಳು. ಮಣ್ಣು ಕೊಚ್ಚಿಹೋಗುವುದು ಕಣಕಣವಾಗಿ, ಉಳಿಯುವುದೂ ಹಾಗೆಯೇ.

ಹಿರಿಯರಿಗೂ ಇಲ್ಲಿ ಪಾಲಿದೆ. ಊರು ಸುತ್ತಿ ಕಾಲಹರಣ ಮಾಡಿ ಬಂದರೆಂದು ಜರೆಯುವುದು ಸುಲಭ. ಶಾಲೆಯಲ್ಲೋ ಗ್ರಾಮಸಭೆಯಲ್ಲೋ ಒಂದು ಸಂಜೆ ಅವರನ್ನು ಕೂರಿಸಿ, ಕೆಳಗಿನ ಊರುಗಳ ಜನ ಏನೆಂದರು ಎಂದು ಕೇಳಿದರೆ ಪ್ರಯಾಣ ಇಡೀ ಊರಿನದಾಗುತ್ತದೆ. ಸಿಂಧನೂರಿನ ಗದ್ದೆಯನ್ನು ನೆನೆದು ಮಲೆನಾಡಿನ ಮನೆಯೊಂದು ತನ್ನ ಗುಡ್ಡದ ಮಣ್ಣನ್ನು ಕಾಯ್ದುಕೊಂಡ ದಿನ, ಆ ಸೈಕಲ್ ಪ್ರಯಾಣ ಸಾರ್ಥಕವಾಯಿತೆನ್ನಬೇಕು.