ಊಟ ಆದ ಮೇಲೆ ಎರಡು ಚಮಚ ಸಿರಪ್ಪು

ನಮ್ಮ ಮನೆಗಳ ಊಟದ ಮೇಜಿನ ಮೇಲೆ ಉಪ್ಪಿನಕಾಯಿ, ತುಪ್ಪದ ಜೊತೆಗೆ ಇನ್ನೊಂದು ಬಾಟಲಿಯೂ ಖಾಯಂ ಆಗಿ ಕೂತಿರೋದನ್ನ ನೀವೂ ನೋಡಿರ್ತೀರಿ. ಊಟ ಆದ ಮೇಲೆ ಎರಡು ಚಮಚ ಕುಡಿಯೋ ಜೀರ್ಣದ ಸಿರಪ್ಪು. ಯಾರು ಬರೆದುಕೊಟ್ಟಿದ್ದು ಅಂತ ಕೇಳಿ ನೋಡಿ, "ಯಾವಾಗಲೋ ಡಾಕ್ಟ್ರು ಕೊಟ್ಟಿದ್ರು, ಆಮೇಲಿಂದ ನಾವೇ ತರ್ತಾ ಇದ್ದೀವಿ" ಅಂತಾರೆ. ಹೊಟ್ಟೆ ಉಬ್ಬರಿಸಿದರೂ ಅದೇ, ಹುಳಿತೇಗು ಬಂದರೂ ಅದೇ, ಮಗು ಸರಿಯಾಗಿ ಉಣ್ಣಲ್ಲ ಅಂದರೂ ಅದೇ. ನನ್ನ ತಕರಾರು ಈ ಬಾಟಲಿಯ ಬಗ್ಗೆ. ಕಿಣ್ವಗಳ ಬಗ್ಗೆ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ.

ಬಾಟಲಿ ತಿರುಗಿಸಿ ಲೇಬಲ್ಲು ಓದಿ. ಹೆಚ್ಚಾಗಿ ಇರೋದು ಎರಡು ಹೆಸರು: ಡಯಾಸ್ಟೇಸ್, ಪೆಪ್ಸಿನ್. ಅನ್ನ-ರಾಗಿಯ ಪಿಷ್ಟ ಒಡೆಯೋಕೆ ಡಯಾಸ್ಟೇಸ್, ಪ್ರೋಟೀನು ಒಡೆಯೋಕೆ ಪೆಪ್ಸಿನ್. ಎರಡೂ ಅಜ್ಜನ ಕಾಲದವು. ಪೆಪ್ಸಿನ್ ಅನ್ನು 1836ರಲ್ಲಿ ಥಿಯೋಡೋರ್ ಶ್ವಾನ್ ಕಂಡುಹಿಡಿದ. ಜಪಾನಿನ ಜೋಕಿಚಿ ತಕಮಿನೆ ಅನ್ನೋ ರಸಾಯನ ವಿಜ್ಞಾನಿ, ತಮ್ಮ ದೇಶದಲ್ಲಿ ಸೋಯಾ ಸಾಸ್ ಮಾಡೋಕೆ ಬಳಸೋ ಬೂಷ್ಟಿನಿಂದ ಡಯಾಸ್ಟೇಸ್ ತೆಗೆದು 1894ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಮಾಡಿಸಿದ. (ಅಡ್ರಿನಲಿನ್ ಅನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದೂ ಇದೇ ಮನುಷ್ಯ. ಅವನ ಕತೆಯೇ ಬೇರೆ ಒಂದು ಪೋಸ್ಟ್ ಆಗುತ್ತೆ.)

ತಮಾಷೆ ಏನು ಗೊತ್ತಾ? ಪೆಪ್ಸಿನ್ ಕೆಲಸ ಮಾಡೋದು ಜಠರದಲ್ಲಿ ಆಮ್ಲ ಜೋರಾಗಿ ಇದ್ದಾಗ ಮಾತ್ರ. ಆದರೆ ಈ ಸಿರಪ್ಪು ಕುಡಿಯೋ ಎಷ್ಟೋ ಜನ ಬೆಳಗ್ಗೆ ಖಾಲಿ ಹೊಟ್ಟೆಗೆ ಆಮ್ಲ ಕಡಿಮೆ ಮಾಡೋ 'ಗ್ಯಾಸ್ ಮಾತ್ರೆ' ನುಂಗಿರ್ತಾರೆ. ಬೆಳಗ್ಗೆ ಒಲೆ ಆರಿಸೋದು, ಮಧ್ಯಾಹ್ನ ಪಾತ್ರೆ ಇಡೋದು! ಬಾಟಲಿ ಮೇಲೆ ಸಕ್ಕರೆ ಇಲ್ಲ ಅಂತಿದ್ದರೆ ಸಾರ್ಬಿಟಾಲ್ ಇದೆಯಾ ಅಂತಲೂ ನೋಡಿ. ಕೆಲವರ ಹೊಟ್ಟೇಲಿ ಗಾಳಿ ತುಂಬಿಸೋದೇ ಅದು. ಇನ್ನು ಸಕ್ಕರೆ ಕಾಯಿಲೆಗೆ ಅಕಾರ್ಬೋಸ್ ತಗೊಳ್ಳೋರು ಇರ್ತಾರೆ. ಆ ಮಾತ್ರೆ ಪಿಷ್ಟ ಒಡೆಯೋದನ್ನ ಬೇಕಂತಲೇ ತಡೆಯುತ್ತೆ, ಹಾಗಾಗಿ ಹೊಟ್ಟೆ ಉಬ್ಬರಿಸುತ್ತೆ. ಉಬ್ಬರಕ್ಕೆ ಅಂತ ಡಯಾಸ್ಟೇಸ್ ಕುಡಿದರೆ ಮಾತ್ರೆಯ ಪರಿಣಾಮವೇ ಕಡಿಮೆ ಆಗಬಹುದು. ಅಪ್ಪ-ಅಮ್ಮಂದಿರ ಔಷಧಿ ಡಬ್ಬಿ ಒಮ್ಮೆ ತೆಗೆದು ನೋಡಿ, ಡಾಕ್ಟರನ್ನ ಕೇಳಿ.

ನಮ್ಮ ದೇಹಕ್ಕೆ ಕಿಣ್ವದ ಬರವೇನೂ ಇಲ್ಲ. ಮೇದೋಜೀರಕ ಗ್ರಂಥಿ ಎಷ್ಟು ಧಾರಾಳಿ ಅಂದರೆ, ಅದರ ಕಿಣ್ವ ಉತ್ಪಾದನೆ ಶೇಕಡ 90ರಷ್ಟು ಬಿದ್ದುಹೋದ ಮೇಲೆ ಜಿಡ್ಡು ಜೀರ್ಣವಾಗದೆ ಹೊರಗೆ ಬರೋಕೆ ಶುರುವಾಗೋದು. ಹೋಳಿಗೆ ಊಟದಲ್ಲಿ ನಾಲ್ಕು ಹೋಳಿಗೆ ಹೊಡೆದು ಬಂದ ಭಾರಕ್ಕೆ ಕಿಣ್ವದ ಕೊರತೆ ಅಂತ ಹೆಸರಿಡೋದು ಬೇಡ :)

ಆದರೆ ಆ ಬರ ನಿಜವಾಗಿ ಬಂದಾಗ? ನಮ್ಮ ಬಳಗದ ಹಿರಿಯರೊಬ್ಬರು, ದೊಡ್ಡಪ್ಪ ಅಂತಲೇ ನಾವೆಲ್ಲ ಕರೆಯೋದು, ಹತ್ತಿರ ಹತ್ತಿರ ಒಂದು ವರ್ಷ ಈ ಸಿರಪ್ಪು ಕುಡಿದರು. ತೂಕ ಇಳೀತಾ ಇತ್ತು. "ವಾಕಿಂಗ್ ಮಾಡಿ ಸಪೂರ ಆದೆ ಕಣಯ್ಯಾ" ಅಂತ ಅವರಿಗೆ ಹೆಮ್ಮೆ ಬೇರೆ. ಮಲ ಜಿಡ್ಡು ಜಿಡ್ಡಾಗಿ, ಎಷ್ಟು ನೀರು ಹೊಯ್ದರೂ ಹೋಗದೆ ತೇಲುತ್ತಿತ್ತಂತೆ. ಅದನ್ನ ಯಾರ ಹತ್ತಿರ ಹೇಳೋದು ಅಂತ ಸುಮ್ಮನಿದ್ದರು. ಕೊನೆಗೆ ದೊಡ್ಡಮ್ಮ ಹಟ ಹಿಡಿದು ಕರ್ಕೊಂಡು ಹೋದಾಗ ಸ್ಕ್ಯಾನಿಂಗಿನಲ್ಲಿ ಕಂಡಿದ್ದು ಮೇದೋಜೀರಕ ಗ್ರಂಥಿ ತುಂಬಾ ಕಲ್ಲು. ಅವರಿಗೆ ಬೇಕಿದ್ದದ್ದು ಜಿಡ್ಡು ಒಡೆಯೋ ಲೈಪೇಸ್. ಆ ಸಿರಪ್ಪಿನಲ್ಲಿ ಅದು ಇರಲೇ ಇಲ್ಲ! ಈಗ ಪ್ರತಿ ಊಟದ ಜೊತೆ ಕ್ಯಾಪ್ಸೂಲ್ ತಗೋತಾರೆ. ದೊಡ್ಡವರಿಗೆ ಒಂದು ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸಿನಿಂದ ಶುರು ಮಾಡೋದು ರೂಢಿ. ಜಠರದ ಆಮ್ಲಕ್ಕೆ ಕರಗದ ಹಾಗೆ ಒಳಗಿನ ಕಾಳುಗಳಿಗೆ ಲೇಪ ಇರುತ್ತೆ. ಊಟದ ಮೊದಲ ತುತ್ತಿನ ಜೊತೆಗೇ ತಗೋಬೇಕು, ಕೈ ತೊಳೆದ ಮೇಲಲ್ಲ. ದೊಡ್ಡಪ್ಪನ ಮೈ ಮತ್ತೆ ತುಂಬಿಕೊಂಡಿತು. ಇದೂ ಕಿಣ್ವವೇ. ಅವರನ್ನ ಉಳಿಸಿದ್ದು ಇದೇ. ಹಾಳಾದ ಆ ಒಂದು ವರ್ಷದ ಬಗ್ಗೆ ಮಾತ್ರ ನನಗೆ ಇನ್ನೂ ಹೊಟ್ಟೆ ಉರಿಯುತ್ತೆ.

ಇನ್ನು ಹಾಲು. ಹಾಲಿನ ಸಕ್ಕರೆ ಲ್ಯಾಕ್ಟೋಸನ್ನ ಒಡೆಯೋ ಲ್ಯಾಕ್ಟೇಸ್ ದೊಡ್ಡವರಾದ ಮೇಲೆ ಬಹಳ ಜನರಲ್ಲಿ ಕಡಿಮೆ ಆಗುತ್ತೆ. ಅದನ್ನ ಉಳಿಸಿಕೊಡೋ ವಂಶವಾಹಿ ವಾಯವ್ಯ ಭಾರತದಲ್ಲಿ ಹೆಚ್ಚು, ನಮ್ಮ ಕಡೆ ಬರ್ತಾ ಬರ್ತಾ ಕಡಿಮೆ. ಇದು ರೋಗ ಅಲ್ಲ. ಒಂದು ದೊಡ್ಡ ಲೋಟ ಹಾಲಿನಲ್ಲಿ 10 ಗ್ರಾಂ ಆಸುಪಾಸು ಲ್ಯಾಕ್ಟೋಸ್ ಇರುತ್ತೆ. ಲ್ಯಾಕ್ಟೇಸ್ ಕಡಿಮೆ ಇರೋರೂ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂ ತನಕ ಅಷ್ಟೇನೂ ತೊಂದರೆ ಇಲ್ಲದೆ ತಡ್ಕೋತಾರೆ. ಅಂದರೆ ಫಿಲ್ಟರ್ ಕಾಫಿಗೆ ಭಯ ಬೇಡ! ಮೊಸರಿನ ಬ್ಯಾಕ್ಟೀರಿಯಾ ತಮ್ಮ ಕಿಣ್ವ ತಾವೇ ಹೊತ್ತು ತರ್ತವೆ. ಹಾಲು ಆಗದವರಿಗೂ ಮೊಸರನ್ನ ಆಗೋದು ಅದಕ್ಕೇ. ತುಪ್ಪದಲ್ಲಂತೂ ಲ್ಯಾಕ್ಟೋಸ್ ಇಲ್ಲ ಅಂತಲೇ ಅನ್ನಬಹುದು. ಇಷ್ಟಾದರೂ ಪಾಯಸ, ಐಸ್‌ಕ್ರೀಮ್ ಬಿಡೋಕಾಗಲ್ಲ ಅನ್ನೋರಿಗೆ ಲ್ಯಾಕ್ಟೇಸ್ ಮಾತ್ರೆ ನಿಜಕ್ಕೂ ಕೆಲಸ ಮಾಡುತ್ತೆ. ಕೊಳ್ಳುವಾಗ ಯೂನಿಟ್ ಎಷ್ಟು ನೋಡಿ. ಯುರೋಪಿನವರು ಪ್ರತಿ ಊಟಕ್ಕೆ ಕನಿಷ್ಠ 4500 ಎಫ್‌ಸಿಸಿ ಯೂನಿಟ್ ಅಂತ ಹೇಳಿದ್ದಾರೆ. ಹಾಲಿನ ಪ್ರೋಟೀನಿಗೇ ಅಲರ್ಜಿ ಇದ್ದರೆ ಮಾತ್ರ ಈ ಮಾತ್ರೆಯಿಂದ ಏನೂ ಉಪಯೋಗ ಇಲ್ಲ.

ಅವರೆಕಾಳು, ಕಡಲೆ, ಹುರುಳಿಯ ಗಾಳಿಗೂ ಒಂದು ಕಿಣ್ವ ಇದೆ, ಆಲ್ಫಾ ಗ್ಯಾಲಕ್ಟೋಸಿಡೇಸ್. ಕಾಳಿನೊಳಗಿನ ರಾಫಿನೋಸ್, ಸ್ಟಾಕಿಯೋಸ್ ಅನ್ನೋ ಸಕ್ಕರೆಗಳನ್ನ ಒಡೆಯೋ ಕಿಣ್ವ ಮನುಷ್ಯರ ಜೀರ್ಣರಸಗಳಲ್ಲಿ ಇರೋದೇ ಇಲ್ಲ. ಅದಕ್ಕೇ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ, ನಮಗೆ ಗುಡುಗುಡು. ಮಾತ್ರೆ ಸ್ವಲ್ಪ ಸಹಾಯ ಮಾಡುತ್ತೆ, ನಿಜ. ಆದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಕಟ್ಟಿಸಿದರೆ ಈ ಸಕ್ಕರೆಗಳು ಹೇಗೂ ಇಳಿಯುತ್ತವೆ. ಕಾಸು ಖರ್ಚಿಲ್ಲದ ಕೆಲಸ. ಅಜ್ಜಿಯರು ಮಾಡ್ತಿದ್ದದ್ದನ್ನ ಕುಕ್ಕರ್ ಅವಸರದಲ್ಲಿ ಬಿಟ್ಟು ಮಾತ್ರೆ ಹುಡುಕೋದು ಯಾಕೆ?

ಗೋಧಿಯ ವಿಷಯದಲ್ಲಿ ಮಾತ್ರ ಆಟ ಬೇಡ. ಸೀಲಿಯಾಕ್ ಕಾಯಿಲೆ ಇರೋರು 'ಗ್ಲೂಟನ್ ಒಡೆಯೋ ಕಿಣ್ವ' ಅಂತ ಬರೆದಿರೋ ಡಬ್ಬಿ ನಂಬಿ ಚಪಾತಿ ತಿನ್ನೋ ಹಾಗಿಲ್ಲ. ಸದ್ಯಕ್ಕೆ ಅವರಿಗೆ ಗೋಧಿ ಬಿಡೋದು ಬಿಟ್ಟು ಬೇರೆ ದಾರಿ ಇಲ್ಲ. ಅನುಮಾನ ಇದ್ದರೆ ರಕ್ತಪರೀಕ್ಷೆ ಮಾಡಿಸೋ ತನಕ ಗೋಧಿ ಬಿಡಬೇಡಿ, ಬಿಟ್ಟರೆ ಪರೀಕ್ಷೆಯಲ್ಲಿ ಸಿಕ್ಕದೇ ಹೋಗಬಹುದು.

ಹಾಲಿನ ಮೇಲೆ ಅನುಮಾನವಾದರೆ ಎರಡು ವಾರ ಹಾಲು ಬಿಟ್ಟು, ಆಮೇಲೆ ಒಂದು ಲೋಟ ಕುಡಿದು ನೋಡಿ, ಚೀಟೀಲಿ ಬರೆದಿಡಿ. ಬೇಕಾದರೆ ಉಸಿರಿನಲ್ಲಿ ಹೈಡ್ರೋಜನ್ ಅಳೆಯೋ ಪರೀಕ್ಷೆಯೂ ಇದೆ. ಆದರೆ ತೂಕ ತಾನಾಗೇ ಇಳೀತಿದ್ದರೆ, ಮಲದಲ್ಲಿ ರಕ್ತ ಅಥವಾ ಜಿಡ್ಡು ಕಂಡರೆ, ರಕ್ತಹೀನತೆ ಇದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸೋ ನೋವಿದ್ದರೆ, ನಲವತ್ತೈದು-ಐವತ್ತರ ಮೇಲೆ ಹೊಸದಾಗಿ ಹೊಟ್ಟೆಯ ತಂಟೆ ಶುರುವಾಗಿದ್ದರೆ ಚೀಟಿ, ಸಿರಪ್ಪು ಎರಡನ್ನೂ ಬದಿಗಿಟ್ಟು ಹೊಟ್ಟೆಯ ಡಾಕ್ಟರ ಹತ್ತಿರ ಹೋಗಿ. ತೇಲೋ ವಿಷಯವನ್ನೂ ನಾಚಿಕೆ ಬಿಟ್ಟು ಹೇಳಿ. ಅವರು ದಿನಾ ಕೇಳೋದೇ ಅದನ್ನ.