ಪಾನಾ ಯಾರ ಕೈಯಾಗ ಇರಬೇಕು?

ಮೇವು ಕತ್ತರಿಸೋ ಮಷೀನಿಗೆ ಸೊಪ್ಪಿ ಕೊಡೋರು ನಾವು. ಹೊಲಿಗಿ ಮಷೀನು ತುಳಿಯೋರು ನಾವು. ಸಂಘದ ಸಾಲದಾಗ ತಂದ ಹಿಟ್ಟಿನ ಗಿರಣಿ ಮುಂದ ದಿನಾ ನಿಲ್ಲೋರೂ ನಾವೇ. ಆದ್ರ ಪಾನಾ ಮಾತ್ರ ಗಂಡಸರ ಬೈಕಿನಾಗ ಇರ್ತೈತಿ. ಅವ್ರು ಹರಪನಹಳ್ಳಿಗೆ ಹೋದ್ರ ಅದೂ ಹೋಗ್ತೈತಿ. ಇದು ಸರಿ ಅಲ್ಲ ಅಂತ ನನ್ನ ವಾದ. ಮಷೀನಿನ ಮುಂದ ಯಾರು ಕೈ ಇಡ್ತಾರೋ ಪಾನಾ ಅವರ ಹತ್ರನೇ ಇರಬೇಕು.

"ಎಷ್ಟು ಬಿಗಿದ್ರೂ ಸಡ್ಲ ಆಗ್ತೈತಿ, ಬಿಡವ್ವ" ಅಂತಾರ. ಬಿಡಾಕ ಬರಂಗಿಲ್ರಿ. ಬೋಲ್ಟು ಅಂದ್ರ ಹೊರಸಿನ ಹಗ್ಗ ಇದ್ದಂಗ. ಎಳೆದು ಕಟ್ಟಿದ್ರ ಹೊರಸು ಗಟ್ಟಿ, ಹಗ್ಗ ಜೋತು ಬಿದ್ರ ಕಾಲು ಅಲ್ಗಾಡ್ತಾವು. ನಟ್ಟು ತಿರುವಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗಿ ಎರಡೂ ಭಾಗಾನ ಅವುಚಿ ಹಿಡಿತೈತಿ. ಆ ಹಿಡಿತ ಕಮ್ಮಿ ಆದ್ರ ಮಷೀನು ಅಡ್ಡಕ್ಕ ಅಲ್ಗಾಡಿದಂಗೆಲ್ಲಾ ನಟ್ಟು ತಾನಾಗೇ ಬಿಚ್ಚಿಕೊಳ್ಳಾಕ ಹತ್ತತೈತಿ. ಜರ್ಮನಿಯ ಯುಂಕರ್ ಅನ್ನೋ ಎಂಜಿನಿಯರು 1969ರಾಗನೇ ಇದನ್ನ ಪರೀಕ್ಷೆ ಮಾಡಿ ತೋರಿಸಿದ್ದ. ಹಂಗಂತ ಪಾನಾಕ್ಕ ಪೈಪು ಸಿಗಿಸಿ ಜೀವ ಬಿಟ್ಟು ಬಿಗಿಯೋದೂ ಬ್ಯಾಡ, ಅತಿಯಾಗಿ ಹಿಗ್ಗಿದ ಬೋಲ್ಟು ಮುರಿತೈತಿ.

ಇನ್ನ ಸ್ಪ್ರಿಂಗ್ ವಾಷರ್. ಅಂಗಡ್ಯಾಗ ಏನು ಕೇಳಿದ್ರೂ ಅದನ್ನೇ ಕೊಡ್ತಾರ. ಅಮೆರಿಕದ ನಾಸಾ 1990ರಾಗ ಹೊರಗ ತಂದ ಕೈಪಿಡಿಯೊಳಗ, ಪೂರಾ ಒತ್ತಿದ ಮ್ಯಾಲೆ ಅದು ಬರೇ ಚಪ್ಪಟೆ ವಾಷರ್‌ನಂಗ, ನಟ್ಟು ತಡೆಯಾಕ ಉಪಯೋಗಿಲ್ಲ ಅಂತ ಬರ್ದಾರ. ಅದ್ಕಿಂತ ಎರಡು ನಟ್ಟು ಹಾಕೋದು ಚಲೋ. ತೆಳ್ಳಂದು ಕೆಳಗ, ದಪ್ಪಂದು ಮ್ಯಾಲೆ. ಕೆಳಗಿಂದನ್ನ ಒಂದು ಪಾನಾದಾಗ ಹಿಡ್ಕೊಂಡು ಮ್ಯಾಲಿಂದನ್ನ ಇನ್ನೊಂದರಾಗ ಬಿಗಿರಿ. ಭಾಳ ಮಂದಿ ತಿರುಗಾಮುರುಗಾ ಹಾಕ್ತಾರ. ಒಳಗ ನೈಲಾನ್ ಉಂಗುರ ಇರೋ ನಟ್ಟೂ ಬರ್ತಾವು. ಅದನ್ನ ಬಿಚ್ಚಿ ಹಾಕುವಾಗ ಬೆರಳಿಲೆ ಸಲೀಸಾಗಿ ತಿರುಗಿದ್ರ ಅದರ ಕೆಲಸ ಮುಗೀತು, ಹೊಸದು ತರ್ರಿ. ಕಾದ ಸೈಲೆನ್ಸರ್ ಹತ್ರ ಅದು ನಡಿಯಂಗಿಲ್ಲ, ನೈಲಾನ್ ಬಿಸಿಗೆ ಮೆತ್ತಗಾಗ್ತೈತಿ.

ಎಲ್ಲಾ ಪೇಚೂ ಒಂದೇ ಕಡೆ ಬಿಚ್ಚಂಗಿಲ್ಲ, ಇದನ್ನೂ ನೆನಪಿಡ್ರಿ. ಸೈಕಲ್ಲಿನ ಎಡಗಡೆ ಪೆಡಲು ಉಲ್ಟಾ. ಭಾಳಷ್ಟು ಮಿಕ್ಸಿಯ ಕೆಳಗಿನ ಕಪ್ಲರ್ರೂ ಉಲ್ಟಾನೇ. ಮೋಟರ್ ತಿರುಗಿದಂಗ ಬಿಗಿ ಆಗ್ಲಿ ಅಂತ ಹಂಗ ಮಾಡಿರ್ತಾರ. ಬಿಚ್ಚಲಾರ್ದಕ್ಕ ಸುತ್ತಿಗಿ ತಗೊಂಡು ಹೊಡದ್ರ ಮಿಕ್ಸಿ ರಿಪೇರಿಯವ್ನ ಹೊಟ್ಟಿ ತುಂಬ್ತೈತಿ ಅಷ್ಟ.

ನಮ್ಮ ಹೆಣ್ಣುಮಕ್ಕಳ ಹತ್ರ ಇರೋ ಒಂದು ಸಾಮಾನು ಇಲ್ಲಿ ಬರ್ತೈತಿ: ನೇಲ್ ಪಾಲಿಶ್. ನಟ್ಟು ಸರಿಯಾಗಿ ಬಿಗಿದ ಮ್ಯಾಲೆ ಎಣ್ಣೆ ಒರಸಿ, ನಟ್ಟಿನ ಮ್ಯಾಲಿಂದ ಮಷೀನಿನ ಮೈಮ್ಯಾಲೆ ಒಂದು ಗೆರಿ ಎಳಿರಿ. ದಿನಾ ಚಾಲೂ ಮಾಡೋ ಮೊದ್ಲು ಗೆರಿ ನೋಡಿದ್ರ ಸಾಕು. ಗೆರಿ ಮುರಿದಿದ್ರ ನಟ್ಟು ಸರದೈತಿ. ದೊಡ್ಡ ಕಾರ್ಖಾನ್ಯಾಗೂ ಇದನ್ನೇ ಬಣ್ಣದಿಂದ ಮಾಡ್ತಾರ. ಹೊಸ ಮಷೀನು ತಂದ ಮೊದಲ ವಾರದಾಗಂತೂ ಪಾನಾ ಹಚ್ಚೇ ನೋಡಬೇಕು, ಯಾಕಂದ್ರ ಬಣ್ಣ, ರಬ್ಬರು, ಕಟ್ಟಿಗಿ ಎಲ್ಲಾ ಒತ್ತಿ ಕುಂತು ಹಿಡಿತ ಕಮ್ಮಿ ಆಗ್ತೈತಿ; ನಟ್ಟು ಒಂಚೂರೂ ತಿರುಗಿರಂಗಿಲ್ಲ, ಗೆರಿನೂ ಮುರದಿರಂಗಿಲ್ಲ.

ಕೊಟ್ಟೂರಾಗ 2017ರ ಫೆಬ್ರುವರಿಯೊಳಗ ತೇರು ಎಳಿಯುವಾಗ ಅಚ್ಚು ಮುರಿದು ಉರುಳಿದ್ದು ನಮ್ಮ ಕಡಿ ಎಲ್ಲಾರಿಗೂ ಗೊತ್ತೈತಿ. ಅಚ್ಚು ಮುರಿಯೋದೇ ಬ್ಯಾರೆ, ನಟ್ಟು ಸಡ್ಲಾಗೋದೇ ಬ್ಯಾರೆ, ಖರೆ. ಆದ್ರ ವರ್ಷಕ್ಕ ಒಮ್ಮೆ ಎಳಿಯೋ ತೇರಿನ ಅಚ್ಚು ನೋಡಾಕ ಊರೇ ಐತಿ. ನಮ್ಮ ಕೊಟ್ಟಿಗ್ಯಾಗ ಬೆಳಿಗ್ಗಿ-ಸಂಜಿ ತಿರುಗೋ ಮೇವಿನ ಮಷೀನಿನ ಕತ್ತಿ ನೋಡಾಕ ಯಾರು ಅದಾರ? ಆ ಕತ್ತಿಯ ಬೋಲ್ಟು ಬಿಚ್ಚಿ ಹಾರಿದ್ರ ಎದ್ರಿಗೆ ಇರೋದು ನಮ್ಮ ಕೈ, ಪಕ್ಕದಾಗ ಆಡೋದು ನಮ್ಮ ಮಕ್ಕಳು. ಒಕ್ಕೋ ಮಷೀನಿಂದ ಕೈ ಕಳಕೊಂಡೋರ ಸಲುವಾಗಿ ಅಪಾಯಕಾರಿ ಯಂತ್ರಗಳ ಕಾಯ್ದೆ ಅಂತ 1983ರಾಗನೇ ಬಂದೈತಿ. ಕಾಯ್ದೆ ಬಂದು ಪಾನಾ ಹಿಡಿಯಂಗಿಲ್ಲ.

ಅದ್ಕ ಸಂಘದಾಗ ಮಷೀನಿಗೆ ಸಾಲ ಬರಿಯುವಾಗನೇ ಪಾನಾದ ರೊಕ್ಕನೂ ಸೇರಿಸಿ ಬರಿಸ್ರಿ ಅಂತೀನಿ. ನೆಗೆಣ್ಣಿಯರು ಇದ್ದ ಮನ್ಯಾಗ ಇಬ್ರಿಗೂ ಒಂದೇ ಸಾಕು, ಜಗಳ ಆಡಬ್ಯಾಡ್ರಿ. 10-11, 12-13, 16-17ರ ಪಾನಾ ಎರಡೆರಡು ತರ್ರಿ, ಆರು ಎಂಎಂ, ಎಂಟು ಎಂಎಂ, ಹತ್ತು ಎಂಎಂ ಬೋಲ್ಟಿಗೆ ಬರ್ತಾವು. ಬಿಗಿಯೋ ಮೊದ್ಲು ಸ್ವಿಚ್ ಆರಿಸಿದ್ರ ಸಾಲದು, ಪ್ಲಗ್ಗೇ ಕಿತ್ತು ಕೈಯಾಗ ಹಿಡ್ಕೊಳ್ರಿ. ಚಕ್ರ ಪೂರಾ ನಿಂತ ಮ್ಯಾಲೆ ಕತ್ತಿಗೆ ಕೈ ಹಾಕ್ರಿ.