‘ಅರೆ’ ಎಂಬ ಪದ ಅಳಿಯಲಿ, ಹೊಣೆ ಬೆಳೆಯಲಿ

ಕಡೂರು ಸೀಮೆಯ ಚೌಳಹಿರಿಯೂರಿನಂತಹ ಹೋಬಳಿ ಕೇಂದ್ರದಲ್ಲಿ ಸರ್ಕಾರಿ ವೈದ್ಯರ ಹುದ್ದೆ ಖಾಲಿ ಬಿದ್ದರೆ ಜನ ದನಿ ಎತ್ತುತ್ತಾರೆ, ಮನವಿಪತ್ರ ಸಲ್ಲಿಸುತ್ತಾರೆ. ಪಾರ್ಶ್ವವಾಯು ಪೀಡಿತ ರೈತನಿಗೆ ಮತ್ತೆ ಹೆಜ್ಜೆಯಿಡಲು ಕಲಿಸುವ ಫಿಸಿಯೋಥೆರಪಿಸ್ಟ್ ಇಲ್ಲವೆಂದಾಗಲೀ, ನವಜಾತ ಶಿಶುವಿನ ಕಿವಿ ಪರೀಕ್ಷಿಸುವ ಶ್ರವಣತಜ್ಞರಿಲ್ಲವೆಂದಾಗಲೀ ಯಾರಾದರೂ ಧರಣಿ ಕುಳಿತದ್ದನ್ನು ನಾನು ಕಂಡಿಲ್ಲ. ಅಂಥವರು ಹಳ್ಳಿಗೂ ಬೇಕೆಂಬ ಕಲ್ಪನೆಯೇ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಇವರನ್ನೆಲ್ಲ ನಾವು ‘ಅರೆವೈದ್ಯಕೀಯ ಸಿಬ್ಬಂದಿ’ ಎಂದೇ ಕರೆಯುತ್ತ ಬಂದಿದ್ದೇವೆ. ಹೆಸರಿನಲ್ಲಿದ್ದ ‘ಅರೆ’ ಕ್ರಮೇಣ ಅಧಿಕಾರಕ್ಕೂ ಮನ್ನಣೆಗೂ ಅಂಟಿಕೊಂಡಿತು. ಸಂಸತ್ತು 2021ರಲ್ಲಿ ಅಂಗೀಕರಿಸಿದ ಸಹವೈದ್ಯಕೀಯ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯು ಈ ವೃತ್ತಿಗಳನ್ನು 10 ವರ್ಗಗಳಾಗಿ ಗುರುತಿಸಿ, ಶಿಕ್ಷಣದ ಮಾನದಂಡ, ನೋಂದಣಿ ಹಾಗೂ ರಾಜ್ಯ ಮಂಡಳಿಗಳಿಗೆ ಅವಕಾಶ ಕಲ್ಪಿಸಿತು. ಕಾಯ್ದೆ ಮಾನ್ಯತೆ ನೀಡಬಲ್ಲದು. ನಾಯಕತ್ವಕ್ಕೆ ಸ್ಥಳ ಮಾಡಿಕೊಡಬೇಕಾದದ್ದು ಆಡಳಿತ.

ಅದು ಸಾಧ್ಯವೆಂಬುದಕ್ಕೆ ನಿದರ್ಶನ ನಮ್ಮ ರಾಜ್ಯದಲ್ಲಿಯೇ ಇದೆ. ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಸರ್ಕಾರ 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ವಹಿಸಿತು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮುಂದೆ ಗುಂಬಳ್ಳಿ, ಹುಲ್ಲಹಳ್ಳಿ, ಅಕ್ಕಿಹೆಬ್ಬಾಳುಗಳಲ್ಲಿ ತನ್ನ ವಿಸ್ತರಣಾ ಸೇವಾ ಕೇಂದ್ರಗಳನ್ನು ತೆರೆಯಿತು. ಕಿವುಡುತನವನ್ನು ಮಗುವಿಗೆ 3 ತಿಂಗಳಾಗುವುದರೊಳಗೆ ದೃಢಪಡಿಸಿ, 6 ತಿಂಗಳೊಳಗೆ ಪರಿಹಾರ ಕ್ರಮ ಆರಂಭಿಸಬೇಕೆಂಬುದು ತಜ್ಞರ ಒಮ್ಮತ. ಆ ಅವಧಿ ಮೀರಿದರೆ ಮಾತು ಕಲಿಯುವ ಅಮೂಲ್ಯ ಕಾಲವೇ ಕೈಜಾರುತ್ತದೆ. ಬಾಣಂತಿ ಮೈಸೂರಿಗೆ ಹೋಗುವುದನ್ನು ಕಾಯದೆ, ಮೈಸೂರಿನ ತಜ್ಞತೆಯೇ ಹಳ್ಳಿಗೆ ಬಂದದ್ದು ಈ ಪಾಲುದಾರಿಕೆಯ ಹಿರಿಮೆ.

ಚಿಕ್ಕಮಗಳೂರು ಜಿಲ್ಲೆಗೂ ಇಂತಹ ಏರ್ಪಾಡು ಅಸಾಧ್ಯವೇನಲ್ಲ. ಇಲ್ಲಿ 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿದೆ. ಅದು ಮೈಸೂರಿನ ಸಂಸ್ಥೆ ಹಾಗೂ ನಿಮ್ಹಾನ್ಸ್ ಜತೆ ಒಪ್ಪಂದ ಮಾಡಿಕೊಂಡು, ಕಡೂರು, ತರೀಕೆರೆ, ಅಜ್ಜಂಪುರಗಳ ಹೋಬಳಿಗಳಿಗೆ ಸರದಿಯ ಮೇಲೆ ವಾರಕ್ಕೊಂದು ದಿನ ಫಿಸಿಯೋಥೆರಪಿಸ್ಟ್ ಹಾಗೂ ವಾಕ್-ಶ್ರವಣ ತಜ್ಞರನ್ನು ಕಳುಹಿಸಬಹುದು. ಪ್ರತಿ ಕೇಂದ್ರಕ್ಕೂ ಪ್ರತ್ಯೇಕ ಹುದ್ದೆ ಸೃಷ್ಟಿಸಲು ಹಣವೆಲ್ಲಿದೆ ಎಂಬ ಆಕ್ಷೇಪಕ್ಕೆ ಈ ಸರದಿ ವ್ಯವಸ್ಥೆಯೇ ಉತ್ತರ.

ಆದರೆ ಬಂದವರು ಹಾಜರಿ ಹಾಕಿ ಮರಳುವಂತಾದರೆ ಪ್ರಯೋಜನವಿಲ್ಲ. ಆರೋಗ್ಯ ರಕ್ಷಾ ಸಮಿತಿಯಲ್ಲಿ ಅವರಿಗೊಂದು ಸ್ಥಾನವಿರಲಿ. ತಾಲ್ಲೂಕು ಆರೋಗ್ಯ ಸಭೆಯಲ್ಲಿ ಪ್ರಯೋಗಾಲಯ ತಂತ್ರಜ್ಞರ ಅನುಭವಕ್ಕೂ ಕಿವಿಗೊಡಲಿ. ಊರಿನಲ್ಲಿ ಜ್ವರದ ಸ್ವರೂಪ ಬದಲಾಗುತ್ತಿದೆಯೆಂಬ ಸುಳಿವು ಮೊದಲು ಸಿಗುವುದು ರಕ್ತದ ಮಾದರಿ ನೋಡುವವರಿಗೇ ಅಲ್ಲವೇ? ಪುನರ್ವಸತಿ ಕಾರ್ಯಕ್ರಮದ ಮುಂದಾಳತ್ವವನ್ನು ಅದನ್ನೇ ಓದಿದವರಿಗೆ ವಹಿಸಲು ಹಿಂಜರಿಕೆಯೇಕೆ?

ಇದರಿಂದ ವೈದ್ಯರ ಸ್ಥಾನಕ್ಕೆ ಕುಂದುಂಟಾದೀತೆಂಬ ಆತಂಕವನ್ನು ನಾನು ಒಪ್ಪಲಾರೆ. ಔಷಧ, ಶಸ್ತ್ರಚಿಕಿತ್ಸೆಗಳ ಹೊಣೆ ಅವರದೇ. ಜೀವ ಉಳಿದ ಮೇಲೆ ಬದುಕನ್ನು ಮರಳಿ ಕಟ್ಟುವ ಕೆಲಸಕ್ಕೆ ಬೇರೆ ಕೈಗಳೂ ಬೇಕು. ಮುಂದಿನ ಬಾರಿ ಜನಪ್ರತಿನಿಧಿಗಳಿಗೆ ಮನವಿ ಸಲ್ಲಿಸುವಾಗ ಚೌಳಹಿರಿಯೂರಿನವರು ವೈದ್ಯರ ಜತೆಗೆ ಇವರನ್ನೂ ಕೇಳಲಿ.